ಕೋರುಗಳನ್ನು ಅವುಗಳ ಪಾಡಿಗೆ ಬಿಡು

ಅಸೆಂಬ್ಲಿಯಲ್ಲೇ ಪುಟ್ಟದೊಂದು ಆಪರೇಟಿಂಗ್ ಸಿಸ್ಟಂ ಬರೆದು, ಅದರ ಮೇಲೆ ಭಾರೀ ಲೆಕ್ಕಗಳನ್ನು ಓಡಿಸುವ ಯೋಚನೆ ನಿನಗಿದೆ ಎಂದು ತಿಳಿದು ತುಂಬಾ ಖುಷಿಯಾಯಿತು. ಲಿನಕ್ಸ್ ಇರುವಾಗ ಇದೆಲ್ಲ ಯಾಕೆ ಬೇಕು ಎಂದು ಈಗಾಗಲೇ ಹತ್ತು ಜನ ಕೇಳಿರುತ್ತಾರೆ. ಆ ಮಾತಿಗೆ ಸೊಪ್ಪು ಹಾಕಬೇಡ. ಆದರೆ ಮೊದಲ ಸಾಲು ಬರೆಯುವ ಮುಂಚೆ ಇಷ್ಟು ಕೇಳಿಸಿಕೋ. ಅಸೆಂಬ್ಲಿ ಅಂದರೇ ವೇಗ ಎಂದುಕೊಂಡು ಹೊರಡಬೇಡ. ಇವತ್ತಿನ ಸಿ ಕಂಪೈಲರ್‌ಗಳು ಸಾಧಾರಣ ಕೋಡನ್ನು ನನಗಿಂತ, ನಿನಗಿಂತ ಚೆನ್ನಾಗಿಯೇ ಹೆಣೆಯುತ್ತವೆ. ಪುಟ್ಟ ಕರ್ನಲ್‌ನ ಬಲ ಇರುವುದು ಬೇರೆ ಕಡೆ: ನೀನು ಹೇಳದ ಕೆಲಸ ಯಾವುದೂ ಆ ಯಂತ್ರದಲ್ಲಿ ನಡೆಯುವುದಿಲ್ಲ. ಆ ಒಂದು ಗುಣಕ್ಕಾಗಿ ಬರೆಯುವುದಾದರೆ ನಿನ್ನ ಶ್ರಮ ಸಾರ್ಥಕ.

ಯಾರೂ ಹೇಳದೆ ನಡೆಯುವ ಕೆಲಸ ಎಷ್ಟು ದುಬಾರಿ ಎಂಬುದಕ್ಕೆ ಅಮೆರಿಕದ ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ನಡೆದ ಒಂದು ಪತ್ತೇದಾರಿಯನ್ನು ನೀನು ತಿಳಿದುಕೊಂಡಿರಲೇಬೇಕು. ಅಲ್ಲಿ ಎಎಸ್‌ಸಿಐ ಕ್ಯೂ ಎಂಬ ಸೂಪರ್‌ಕಂಪ್ಯೂಟರ್ ಇತ್ತು. ನಾಲ್ಕು ನಾಲ್ಕು ಪ್ರೊಸೆಸರ್‌ಗಳ 2048 ನೋಡ್‌ಗಳು, ಒಟ್ಟು 8192 ಪ್ರೊಸೆಸರ್. ಸೇಜ್ ಎಂಬ ದ್ರವಚಲನೆಯ ಪ್ರೋಗ್ರಾಂ ಅದರ ಮೇಲೆ ಎಷ್ಟು ವೇಗವಾಗಿ ಓಡಬೇಕೆಂದು ಅವರ ಗಣಿತದ ಮಾದರಿ ಹೇಳುತ್ತಿತ್ತೋ, ಅದರ ಅರ್ಧದಷ್ಟು ವೇಗವೇ ಸಿಗುತ್ತಿತ್ತು. ಯಂತ್ರಾಂಶ ಸರಿಯಿತ್ತು, ನೆಟ್‌ವರ್ಕ್ ಸರಿಯಿತ್ತು, ಪ್ರೋಗ್ರಾಂನಲ್ಲೂ ಹುಳುಕಿರಲಿಲ್ಲ. ಸುಳಿವು ಸಿಕ್ಕಿದ್ದು ಒಂದು ವಿಚಿತ್ರದಿಂದ: ನೋಡ್‌ಗಳ ಸಂಖ್ಯೆ ಹೆಚ್ಚಿದಾಗ, ಪ್ರತಿ ನೋಡ್‌ನಲ್ಲಿ ನಾಲ್ಕೂ ಪ್ರೊಸೆಸರ್ ಬಳಸುವುದಕ್ಕಿಂತ ಮೂರನ್ನೇ ಬಳಸಿ ಒಂದನ್ನು ಖಾಲಿ ಬಿಟ್ಟರೆ ಲೆಕ್ಕ ಬೇಗ ಮುಗಿಯುತ್ತಿತ್ತು. ಅಂದರೆ ಆ ನಾಲ್ಕನೆಯದರ ಮೇಲೆ ಬೇರೆ ಯಾರೋ ಬಂದು ಕೂರುತ್ತಿದ್ದರು. ಫ್ಯಾಬ್ರಿಜಿಯೊ ಪೆಟ್ರಿನಿ, ಡ್ಯಾರೆನ್ ಕರ್ಬಿಸನ್ ಮತ್ತು ಸ್ಕಾಟ್ ಪಾಕಿನ್ 2003ರಲ್ಲಿ ಬರೆದ ಪ್ರಬಂಧದಲ್ಲಿ ಆ ಬೇರೆಯವರ ಹೆಸರುಗಳೆಲ್ಲ ಬಯಲಾದವು: ಹಿನ್ನೆಲೆಯಲ್ಲಿ ಎಚ್ಚರಗೊಳ್ಳುವ ಡೀಮನ್‌ಗಳು, ಕ್ಲಸ್ಟರ್ ಬದುಕಿದೆಯೇ ಎಂದು ಆಗಾಗ ನಾಡಿ ನೋಡುವ ಪ್ರೋಗ್ರಾಂಗಳು, ಕರ್ನಲ್‌ನ ಟೈಮರ್ ಇಂಟರಪ್ಟ್. ಒಂದೊಂದು ನೋಡ್‌ನಲ್ಲಿ ಇವೆಲ್ಲ ಸೇರಿ ತಿನ್ನುತ್ತಿದ್ದ ಸಮಯ ನೂರಕ್ಕೆ ಒಂದೆರಡು ಪಾಲು ಅಷ್ಟೆ.

ಒಂದೆರಡು ಪಾಲು ಅರ್ಧ ಯಂತ್ರವನ್ನೇ ನುಂಗಿದ್ದು ಹೇಗೆ? ಇಂಥ ಪ್ರೋಗ್ರಾಂಗಳಲ್ಲಿ ಪ್ರತಿ ಹೆಜ್ಜೆಯ ಕೊನೆಗೂ ಎಲ್ಲ ಪ್ರೊಸೆಸರ್‌ಗಳೂ ಒಂದು ಕಡೆ ಸೇರಿ, ಆಮೇಲೆ ಮುಂದಿನ ಹೆಜ್ಜೆ ಇಡಬೇಕು. ಮದುವೆ ಮನೆಯ ಪಂಕ್ತಿಯಲ್ಲಿ ಕೊನೆಯವರ ಊಟ ಮುಗಿಯುವ ತನಕ ಯಾರೂ ಏಳುವಂತಿಲ್ಲವಲ್ಲ, ಹಾಗೆ. ಒಂದು ನೋಡ್ ಒಂದು ಹೆಜ್ಜೆಯಲ್ಲಿ ತಡವಾಗುವ ಸಂಭವ ಸಾವಿರಕ್ಕೆ ಒಂದು ಎಂದಿಟ್ಟುಕೋ. 2048 ನೋಡ್‌ಗಳಲ್ಲಿ ಯಾವುದಾದರೂ ಒಂದು ತಡವಾಗುವ ಸಂಭವ ನೂರಕ್ಕೆ 87. ಹೆಚ್ಚುಕಡಿಮೆ ಪ್ರತಿ ಹೆಜ್ಜೆಯಲ್ಲೂ ಉಳಿದವರೆಲ್ಲ ಕೈಕಟ್ಟಿ ಕಾಯುತ್ತಾರೆ, ಮತ್ತು ಪ್ರತಿ ಸಲವೂ ಕಾಯಿಸುವವರು ಬೇರೆ. ಲಾಸ್ ಅಲಾಮೋಸ್‌ನವರು ಬೇಡದ ಡೀಮನ್‌ಗಳನ್ನು ತೆಗೆದರು, ಉಳಿದವನ್ನು ಅಪರೂಪವಾಗಿಸಿದರು, ಕೆಲವನ್ನು ಬೇರೆ ನೋಡ್‌ಗೆ ಸಾಗಹಾಕಿದರು. ಸೇಜ್‌ನ ಒಂದೇ ಒಂದು ಸಾಲನ್ನೂ ಮುಟ್ಟದೆ ಅದರ ವೇಗ ಸುಮಾರು ಎರಡು ಪಟ್ಟಾಯಿತು. ಈ ಕ್ಷೇತ್ರದಲ್ಲಿ ಇದನ್ನು ಓಎಸ್ ನಾಯ್ಸ್ ಅನ್ನುತ್ತಾರೆ. ನಿನ್ನ ಪುಟ್ಟ ಕರ್ನಲ್ ಸೆಣಸಬೇಕಾದ್ದು ಇದರ ಜೊತೆ.

ಹಾಗಾಗಿ ಯಾವ ಲೆಕ್ಕಕ್ಕಾಗಿ ಬರೆಯುತ್ತಿದ್ದೀಯ ಎಂಬುದನ್ನು ಮೊದಲೇ ತೀರ್ಮಾನಿಸು, ಒಂದೇ ಲೆಕ್ಕವನ್ನು ಆರಿಸು. ಕೋರುಗಳು ಗಂಟೆಗಟ್ಟಲೆ ಒಂದನ್ನೊಂದು ಮಾತಾಡಿಸದೆ ದುಡಿಯುವಂಥ ಕೆಲಸವಾದರೆ ಈ ಶ್ರಮವೇ ಬೇಡ. ಅಲ್ಲಿ ಲಿನಕ್ಸ್‌ನ ಗದ್ದಲದಿಂದ ಕಳೆಯುವುದು ಆ ಒಂದೆರಡು ಪಾಲು ಮಾತ್ರ. ಶಾಖ ಹರಡುವ ಸಮೀಕರಣ, ಗಾಳಿಯ ಹರಿವು, ಹೀಗೆ ನೆರೆಯ ಕೋಶಗಳ ಬೆಲೆಯನ್ನು ಪ್ರತಿ ಹೆಜ್ಜೆಯಲ್ಲೂ ವಿನಿಮಯ ಮಾಡಿಕೊಳ್ಳಬೇಕಾದ ಲೆಕ್ಕವನ್ನು ಹಿಡಿ. 1986ರಲ್ಲಿ ನಮ್ಮ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರ್ ಕಟ್ಟಿದವರ ಕೈಯಲ್ಲಿ ಇದ್ದದ್ದು ಇಂಟೆಲ್‌ನ 8086, ಜೊತೆಗೆ ದಶಾಂಶದ ಲೆಕ್ಕಕ್ಕೆ 8087. ಈಗಿನ ಫೋನಿನ ಪಕ್ಕದಲ್ಲಿ ಅವು ಏನೇನೂ ಅಲ್ಲ. ಆದರೆ ಹರಿವಿನ ಸಮೀಕರಣಗಳನ್ನು ಬಿಡಿಸುವುದು ಎಂಬ ಒಂದು ಗುರಿ ಖಚಿತವಾಗಿತ್ತು, ಯಂತ್ರದ ರೂಪುರೇಷೆ ಆ ಗುರಿಯಿಂದ ಹುಟ್ಟಿತು. ನಿನ್ನ ಕರ್ನಲ್ ಕೂಡ ಹಾಗೆಯೇ ಹುಟ್ಟಲಿ.

ನಿನಗಿಂತ ಮುಂಚೆ ಈ ದಾರಿ ಹಿಡಿದವರು ಇದ್ದಾರೆ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದವರು ತೊಂಬತ್ತರ ದಶಕದ ಆರಂಭದಲ್ಲಿ ನ್ಯೂ ಮೆಕ್ಸಿಕೊ ವಿಶ್ವವಿದ್ಯಾಲಯದ ಜೊತೆ ಸೇರಿ ಸನ್‌ಮಾಸ್ ಎಂಬ ಹಗುರ ಕರ್ನಲ್ ಬರೆದರು. ಆಗಿನ ಪ್ಯಾರಗಾನ್ ಯಂತ್ರದ ನೋಡ್‌ಗಳಲ್ಲಿ ಇದ್ದ ಚೂರುಪಾರು ಮೆಮೊರಿಯಲ್ಲಿ ದೊಡ್ಡ ಪಾಲನ್ನು ತಯಾರಕರು ಕೊಟ್ಟ ಯುನಿಕ್ಸೇ ಕಬಳಿಸುತ್ತಿತ್ತು; ಹಗುರ ಕರ್ನಲ್‌ನ ಲಾಭ ಅಲ್ಲಿ ಎದ್ದು ಕಂಡಿತು. ಅದರಿಂದ ಪೂಮಾ ಬಂತು, ಪೂಮಾದಿಂದ ಕೂಗರ್. 1996ರ ಕೊನೆಗೆ ಲೋಕದಲ್ಲೇ ಮೊದಲು ಒಂದು ಟೆರಾಫ್ಲಾಪ್ ದಾಟಿದ ಎಎಸ್‌ಸಿಐ ರೆಡ್‌ನ ಲೆಕ್ಕದ ನೋಡ್‌ಗಳಲ್ಲಿ ಓಡುತ್ತಿದ್ದುದು ಈ ಮನೆತನದ ಕರ್ನಲ್. ಆಮೇಲೆ ಸ್ಯಾಂಡಿಯಾದ ರೆಡ್ ಸ್ಟಾರ್ಮ್ ಯಂತ್ರಕ್ಕಾಗಿ ಕ್ಯಾಟಮೌಂಟ್. ಐಬಿಎಂನ ಬ್ಲೂ ಜೀನ್ ಯಂತ್ರದ ಸಿಎನ್‌ಕೆ ಕೂಡ ಇದೇ ಧಾಟಿಯದು: ಪುಟಗಳನ್ನು ಡಿಸ್ಕಿಗೆ ಎತ್ತಿಹಾಕುವುದಿಲ್ಲ, ಹಿನ್ನೆಲೆಯಲ್ಲಿ ಡೀಮನ್‌ಗಳಿಲ್ಲ, ನೋಡ್‌ನಲ್ಲಿ ನಿನ್ನ ಲೆಕ್ಕವೊಂದೇ. ಫೈಲ್ ಓದಬೇಕಾಗಿ ಬಂದರೆ ಆ ಕೋರಿಕೆಯನ್ನು ಪಕ್ಕದ ಐ/ಓ ನೋಡ್‌ಗೆ ರವಾನಿಸುತ್ತದೆ. ಅಲ್ಲಿ ಲಿನಕ್ಸ್ ಅದನ್ನು ನೆರವೇರಿಸಿ ಉತ್ತರ ಕಳಿಸುತ್ತದೆ. ಈ ಕರ್ನಲ್‌ಗಳ ಬಹುಭಾಗ ಸಿ ಅಥವಾ ಸಿ++ನಲ್ಲಿದೆ ಎಂಬುದನ್ನು ಗಮನಿಸು. ಪೂರ್ತಿ ಅಸೆಂಬ್ಲಿಯಲ್ಲೇ ನೋಡಬೇಕೆಂದರೆ ಇಯಾನ್ ಸೈಲರ್ ಅವರ ಬೇರ್‌ಮೆಟಲ್ ಇದೆ. 64 ಬಿಟ್ ಎಕ್ಸ್86ಗಾಗಿ ಬರೆದದ್ದು, ಕರ್ನಲ್ ಕೆಲವೇ ಕಿಲೋಬೈಟ್. ಮೆನ್ಯುಯೆಟ್, ಕೊಲಿಬ್ರಿ ಕೂಡ ಅಸೆಂಬ್ಲಿಯವೇ, ಆದರೆ ಅವುಗಳ ಗಮನ ಡೆಸ್ಕ್‌ಟಾಪ್ ಕಡೆಗೆ. ನೀನು ಬೇರ್‌ಮೆಟಲ್‌ನ ಮೂಲವನ್ನು ಕೂತು ಓದು. ಇಡೀ ಆಪರೇಟಿಂಗ್ ಸಿಸ್ಟಂ ಒಬ್ಬರ ತಲೆಯಲ್ಲಿ ಹಿಡಿಸುತ್ತದೆ ಎಂಬ ಅನುಭವ ಬೇರೆಲ್ಲೂ ಸುಲಭಕ್ಕೆ ಸಿಗುವುದಿಲ್ಲ.

ಇಷ್ಟು ಒಳ್ಳೆಯವಾದರೂ ಆ ಹಗುರ ಕರ್ನಲ್‌ಗಳು ಯಾಕೆ ಉಳಿಯಲಿಲ್ಲ ಎಂದು ನಿನ್ನಲ್ಲಿ ಪ್ರಶ್ನೆ ಏಳಬೇಕು. ಸೂಪರ್‌ಕಂಪ್ಯೂಟರ್ ತಯಾರಿಸುವ ಕ್ರೇ ಕಂಪನಿ ತನ್ನ ಯಂತ್ರಗಳಲ್ಲಿ ಕ್ಯಾಟಮೌಂಟ್ ಬಿಟ್ಟು ಲಿನಕ್ಸನ್ನೇ ಕತ್ತರಿಸಿ ಸಣ್ಣದು ಮಾಡಿ ಲೆಕ್ಕದ ನೋಡ್‌ಗಳಿಗೆ ಹಾಕಿತು. 2015ರಲ್ಲಿ ನಮ್ಮ ಐಐಎಸ್‌ಸಿಗೆ ಬಂದ ಸಹಸ್ರಟಿ ಸೂಪರ್‌ಕಂಪ್ಯೂಟರ್ ಆ ಕ್ರೇ ವಂಶದ್ದೇ. 2017ರ ನವೆಂಬರ್‌ನಿಂದ ಈಚೆಗೆ ಲೋಕದ ಅತಿ ವೇಗದ ಯಂತ್ರಗಳ ಟಾಪ್500 ಪಟ್ಟಿಯ ಐನೂರೂ ಯಂತ್ರಗಳು ಲಿನಕ್ಸ್‌ನವೇ. ವಿಜ್ಞಾನಿಗಳಿಗೆ ಥ್ರೆಡ್ ಬೇಕು, ಪೈಥಾನ್ ಬೇಕು, ಓಡುವಾಗ ಜೋಡಿಸಿಕೊಳ್ಳುವ ಲೈಬ್ರರಿ ಬೇಕು, ವರ್ಷಕ್ಕೊಂದು ಹೊಸ ನೆಟ್‌ವರ್ಕ್ ಕಾರ್ಡಿಗೆ ಡ್ರೈವರ್ ಬೇಕು. ಬೆರಳೆಣಿಕೆಯ ಜನ ಇದನ್ನೆಲ್ಲ ಬರೆದು ಸಲಹುವುದು ಆಗದ ಮಾತು. ಲಿನಕ್ಸ್ ಗೆದ್ದದ್ದು ಅದರ ಹಿಂದಿರುವ ಜನಬಲದಿಂದ. ಈ ಸತ್ಯವನ್ನು ಒಪ್ಪಿಕೊಂಡೇ ನಿನ್ನ ಕೆಲಸದ ಗಡಿ ಹಾಕಿಕೋ. ಫೈಲ್ ಸಿಸ್ಟಂ ಬರೆಯಬೇಡ. ಟಿಸಿಪಿ ಬರೆಯಬೇಡ. ಯುಎಸ್‌ಬಿಯ ಹತ್ತಿರ ಹೋಗಲೇಬೇಡ.

ಈಗ ಕೆಲಸ. ಮೊದಲು ಲಿನಕ್ಸ್ ಮೇಲೆಯೇ ಒಂದು ಅಳತೆ ಮಾಡು. ಪ್ರೊಸೆಸರ್‌ನಲ್ಲಿ ಟೈಮ್ ಸ್ಟ್ಯಾಂಪ್ ಕೌಂಟರ್ ಎಂಬ ಎಣಿಕೆಗಾರ ಇದೆ. ಅದನ್ನು ಓದುವ ಸೂಚನೆ ಆರ್‌ಡಿಟಿಎಸ್‌ಸಿ. ಒಂದು ಕೋರಿಗೆ ಕಟ್ಟಿಹಾಕಿದ ಪುಟ್ಟ ಲೂಪ್ ಬರಿ: ಕೌಂಟರ್ ಓದು, ಹಿಂದಿನ ಓದಿಗೂ ಈಗಿನದಕ್ಕೂ ಇರುವ ಅಂತರ ನೋಡು, ಅಂತರ ಒಂದು ಮಿತಿ ಮೀರಿದ್ದರೆ ಅದನ್ನೂ ಅದು ಬಂದ ಹೊತ್ತನ್ನೂ ಮೊದಲೇ ತೆಗೆದಿಟ್ಟ ಅರೇಗೆ ಬರೆದಿಡು, ಮತ್ತೆ ಓದು. ಬೇರೆ ಏನೂ ಬೇಡ. ಯಾರೂ ಮೂಗು ತೂರಿಸದಿದ್ದರೆ ಅಂತರ ಯಾವಾಗಲೂ ಕೆಲವು ಹತ್ತು ಸೈಕಲ್‌ಗಳಷ್ಟೇ ಇರುತ್ತದೆ. ಸಾವಿರಾರು ಸೈಕಲ್ ಜಿಗಿದಿದ್ದರೆ ಆ ಹೊತ್ತಿನಲ್ಲಿ ನಿನ್ನ ಕೋರನ್ನು ಯಾರೋ ಕಿತ್ತುಕೊಂಡಿದ್ದರು ಎಂದರ್ಥ. ಕೆಲವು ನಿಮಿಷ ಓಡಿಸಿ, ಬಂದದ್ದನ್ನು ಗ್ರಾಫ್ ಹಾಕು. ಟೈಮರ್ ಸೆಕೆಂಡಿಗೆ 250 ಸಲ ಬಡಿಯುವಂತೆ ಕಟ್ಟಿದ ಕರ್ನಲ್ ಆದರೆ ನಾಲ್ಕು ನಾಲ್ಕು ಮಿಲಿಸೆಕೆಂಡಿಗೆ ಒಂದು ಗೀಟು ಬೇಲಿ ನೆಟ್ಟಂತೆ ಸಾಲಾಗಿ ಕಾಣುತ್ತದೆ. ನಡುನಡುವೆ ಎತ್ತರದ ಒಂಟಿ ಗೀಟುಗಳು. ಒಂದೊಂದಕ್ಕೂ ಯಜಮಾನ ಯಾರು ಎಂದು ಪತ್ತೆ ಹಚ್ಚು.

ಆಮೇಲೆ ಲಿನಕ್ಸ್ ತಾನಾಗಿ ಕೊಡುವ ಔಷಧಿಗಳನ್ನೆಲ್ಲ ಹಾಕಿ ನೋಡು. ಐಸೋಲ್‌ಸಿಪಿಯುಸ್ ಎಂಬ ಬೂಟ್ ಆಯ್ಕೆಯಿಂದ ಕೋರುಗಳನ್ನು ಶೆಡ್ಯೂಲರ್‌ನ ಕಣ್ಣಿಂದ ಮರೆಮಾಡು, ನೋಹೆಚ್‌ಜೆಡ್ ಫುಲ್ ಹಾಕಿ ಟೈಮರ್ ನಿಲ್ಲಿಸು, ಸಾಧನಗಳ ಇಂಟರಪ್ಟ್‌ಗಳನ್ನು ಬೇರೆ ಕೋರಿಗೆ ತಿರುಗಿಸು, ದೊಡ್ಡ ಪುಟಗಳನ್ನು ಮೊದಲೇ ಕಾಯ್ದಿರಿಸು. ಬೇಲಿಯ ಬಹುಪಾಲು ಮಾಯವಾಗುತ್ತದೆ. ಮಾಯವಾಗಿದ್ದಕ್ಕೆ ಬೇಸರ ಬೇಡ. ಇನ್ನೂ ಉಳಿದದ್ದು ಎಷ್ಟೋ, ಗದ್ದಲದ ವಿಷಯದಲ್ಲಿ ನಿನ್ನ ಕರ್ನಲ್ ಗೆಲ್ಲಬಹುದಾದದ್ದು ಗರಿಷ್ಠ ಅಷ್ಟೇ ಎಂಬ ಪ್ರಾಮಾಣಿಕ ಲೆಕ್ಕ ನಿನಗೆ ಸಿಕ್ಕಿತು. ಇದನ್ನು ಮಾಡದೆ ಕರ್ನಲ್ ಬರೆಯಲು ಕೂತವರ ಹತ್ತಿರ ಕೊನೆಗೆ ಹೋಲಿಸಲು ಏನೂ ಇರುವುದಿಲ್ಲ.

ಉಳಿದವುಗಳಲ್ಲೂ ಕೆಲವು ಗೀಟುಗಳು ನಿನ್ನ ಕರ್ನಲ್‌ಗೂ ಜಗ್ಗುವುದಿಲ್ಲ. ಸಿಸ್ಟಂ ಮ್ಯಾನೇಜ್‌ಮೆಂಟ್ ಇಂಟರಪ್ಟ್, ಅಂದರೆ ಎಸ್‌ಎಂಐ, ಮದರ್‌ಬೋರ್ಡಿನ ಫರ್ಮ್‌ವೇರ್ ತನ್ನ ಕೆಲಸಕ್ಕಾಗಿ ಎಬ್ಬಿಸುವಂಥದು. ಅದು ಬಂದಾಗ ಆಪರೇಟಿಂಗ್ ಸಿಸ್ಟಂ ಎಷ್ಟೇ ಪುಟ್ಟದಿರಲಿ, ಇಂಟರಪ್ಟ್‌ಗಳನ್ನೆಲ್ಲ ಮುಚ್ಚಿರಲಿ, ಪ್ರೊಸೆಸರ್ ಅದರ ಕೈತಪ್ಪಿ ಹೋಗುತ್ತದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಎಸ್‌ಎಂಐ ಎಷ್ಟು ಸಲ ಬಂತೆಂದು ಎಣಿಸುವ ರಿಜಿಸ್ಟರ್ ಇದೆ. ನಿನ್ನ ಅಳತೆಯ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅದನ್ನು ಓದಿಕೋ. ವ್ಯತ್ಯಾಸ ಸೊನ್ನೆಯಾಗಿರುವ ಬೋರ್ಡು ಸಿಕ್ಕರೆ ಅದನ್ನು ಜೋಪಾನವಾಗಿಟ್ಟುಕೋ.

ಬೂಟ್ ವಿಷಯವನ್ನು ನಾನು ಬೆಳೆಸುವುದಿಲ್ಲ. ಎಲ್ಲರೂ ಅಲ್ಲೇ ತಿಂಗಳುಗಟ್ಟಲೆ ಕಳೆಯುತ್ತಾರೆ. ಹಳೆಯ ಬಯೋಸ್ ದಾರಿಯಲ್ಲಿ, 512 ಬೈಟ್‌ನ ಬೂಟ್ ಸೆಕ್ಟರ್‌ನಿಂದ 16 ಬಿಟ್, 32 ಬಿಟ್, 64 ಬಿಟ್ ಎಂದು ಮೆಟ್ಟಿಲು ಹತ್ತುವುದನ್ನು ಕಲಿಕೆಗಾಗಿ ಒಮ್ಮೆ ಮಾಡು. ನಿಜವಾದ ಕೆಲಸಕ್ಕೆ ಯುಇಎಫ್‌ಐ ಹಿಡಿ, ಅದು ನಿನ್ನನ್ನು ನೇರ 64 ಬಿಟ್‌ನಲ್ಲೇ ತಂದಿಳಿಸುತ್ತದೆ. ಎಮ್ಯುಲೇಟರ್ ಆಗಿ ಕ್ಯೂಎಮು ಬಳಸು, ಆದರೆ ಅದರೊಳಗೆ ತೆಗೆದ ವೇಗದ ಅಂಕಿಗಳನ್ನು ಯಾರಿಗೂ ತೋರಿಸಬೇಡ. ವೇಗ ಅಳೆಯುವುದು ನಿಜವಾದ ಯಂತ್ರದ ಮೇಲೆ ಮಾತ್ರ.

ಪುಟಗಳ ವಿಷಯಕ್ಕೆ ಮಾತ್ರ ಸಮಯ ಕೊಡು, ಪುಟ್ಟ ಕರ್ನಲ್‌ಗೆ ಸಿಗುವ ದೊಡ್ಡ ಲಾಭ ಇಲ್ಲೇ ಇದೆ. 64 ಬಿಟ್‌ನಲ್ಲಿ ಪೇಜಿಂಗ್ ಇಲ್ಲದೆ ನಡೆಯುವುದಿಲ್ಲ, ಅದನ್ನು ನಿಲ್ಲಿಸಿಬಿಡುವ ಹಾಗಿಲ್ಲ. ಆದರೆ ಪುಟದ ಗಾತ್ರ ನಿನ್ನ ಆಯ್ಕೆ. 64 ಜಿಬಿ ಮೆಮೊರಿಯನ್ನು 4 ಕೆಬಿ ಪುಟಗಳಲ್ಲಿ ನಕ್ಷೆ ಮಾಡಿದರೆ ಕೊನೆಯ ಹಂತದಲ್ಲೇ 1,67,77,216 ನಮೂದುಗಳು ಬೇಕು. ಒಂದೊಂದಕ್ಕೆ 8 ಬೈಟ್, ಒಟ್ಟು 128 ಎಂಬಿ. ಅದೇ 64 ಜಿಬಿಗೆ 1 ಜಿಬಿಯ ಪುಟ ಬಳಸು: ಆ ಹಂತದಲ್ಲಿ 64 ನಮೂದು, 512 ಬೈಟ್. ಒಂದು ಬೂಟ್ ಸೆಕ್ಟರ್‌ನಷ್ಟು ಜಾಗದಲ್ಲಿ ಇಡೀ ಮೆಮೊರಿಯ ನಕ್ಷೆಯ ಕೊನೆಯ ಹಂತ ಹಿಡಿಯಿತು! ವಿಳಾಸಗಳ ಅನುವಾದವನ್ನು ಕೈಯಳತೆಯಲ್ಲಿ ಇಟ್ಟುಕೊಳ್ಳುವ ಟಿಎಲ್‌ಬಿಯಲ್ಲಿ ಜಾಗ ಬಹಳ ಕಡಿಮೆ. ಪುಟ ದೊಡ್ಡದಾದಷ್ಟೂ ಅಲ್ಲಿ ಅನುವಾದ ಸಿಗದೆ ಹೋಗುವುದು ಕಡಿಮೆ. ಬೂಟ್ ಆಗುವಾಗ ಒಮ್ಮೆ ಬರೆದು ಮುಗಿಸು, ಲೆಕ್ಕ ನಡೆಯುವಾಗ ಮತ್ತೆ ಆ ಕಡೆ ತಿರುಗಿ ನೋಡಬೇಡ. ಸಿಎನ್‌ಕೆ ಮಾಡಿದ್ದೂ ಇದನ್ನೇ.

ಉಳಿದ ಕೋರುಗಳನ್ನು ಎಬ್ಬಿಸುವಾಗ ಎರಡು ಮೂರು ಸಂಗತಿಗಳ ಮೇಲೆ ಕಣ್ಣಿಡು. ಎದ್ದ ಪ್ರತಿ ಕೋರೂ 16 ಬಿಟ್‌ನಿಂದಲೇ ಶುರುವಾಗುತ್ತದೆ, ಮೊದಲ ಕೋರಿಗೆ ನೀನು ಮಾಡಿದ ಯಾವ ಸಿದ್ಧತೆಯೂ ಅದಕ್ಕೆ ಗೊತ್ತಿರುವುದಿಲ್ಲ. ಎವಿಎಕ್ಸ್ ಸೂಚನೆಗಳಿಗೆ ಪ್ರತಿ ಕೋರಿನಲ್ಲೂ ಬೇರೆಬೇರೆಯಾಗಿ ಅನುಮತಿ ಕೊಡಬೇಕು: ಸಿಆರ್4ನ ಬಿಟ್‌ಗಳು, ಆಮೇಲೆ ಎಕ್ಸ್‌ಸಿಆರ್0. ಕೊಡದಿದ್ದರೆ ಮೊದಲ ವೆಕ್ಟರ್ ಸೂಚನೆಗೇ ಕೋರ್ ಎಡವಿ ಬೀಳುತ್ತದೆ. ಸಿಆರ್0ದಲ್ಲಿ ಕ್ಯಾಶ್ ನಿಲ್ಲಿಸುವ ಬಿಟ್ ಏರಿದೆಯೇ ಎಂದು ಪ್ರತಿ ಕೋರಿನಲ್ಲೂ ಪರೀಕ್ಷಿಸು. ಏರಿದ್ದರೆ ಉತ್ತರ ಸರಿಯಾಗಿಯೇ ಬರುತ್ತದೆ, ಆದರೆ ಆಮೆಗತಿಯಲ್ಲಿ, ಮತ್ತು ಕಾರಣ ಹುಡುಕುತ್ತಾ ನೀನು ಬೇರೆಲ್ಲೋ ಅಲೆಯುತ್ತಿರುತ್ತೀಯ. ಕೋರುಗಳು ಒಂದನ್ನೊಂದು ಕಾಯುವ ಬ್ಯಾರಿಯರ್‌ನಲ್ಲಿ ಪ್ರತಿ ಕೋರಿನ ಗುರುತಿಗೂ ಅದರದೇ 64 ಬೈಟ್‌ನ ಕ್ಯಾಶ್ ಲೈನ್ ಕೊಡು. ಎರಡು ಕೋರುಗಳ ಗುರುತು ಒಂದೇ ಲೈನ್‌ನಲ್ಲಿದ್ದರೆ ಆ ಲೈನ್ ಇಬ್ಬರ ನಡುವೆ ಎಳೆದಾಡಿಕೊಂಡೇ ಇರುತ್ತದೆ. ಕೆಲಸವಿಲ್ಲದ ಕೋರುಗಳನ್ನು ಲೂಪ್‌ನಲ್ಲಿ ಸುತ್ತಿಸಬೇಡ, ಮಲಗಿಸು; ಅವು ಸುಮ್ಮನೆ ಕಾದರೂ ಚಿಪ್ ಬಿಸಿಯಾಗಿ, ದುಡಿಯುವ ಕೋರುಗಳ ಟರ್ಬೊ ವೇಗ ಇಳಿಯುತ್ತದೆ.

ಇಷ್ಟಾದ ಮೇಲೆ ಅಸೆಂಬ್ಲಿಯ ನಿಜವಾದ ಜಾಗಕ್ಕೆ ಬರುತ್ತೀಯ: ಲೆಕ್ಕದ ತೀರಾ ಒಳಗಿನ ಲೂಪ್. ಇಲ್ಲಿ ನಿನಗೆ ಗುರು ಕಜುಶಿಗೆ ಗೊಟೊ. ಜಪಾನಿನ ಪೇಟೆಂಟ್ ಕಚೇರಿಯಲ್ಲಿ ನೌಕರಿಯಲ್ಲಿದ್ದವರು. ಮ್ಯಾಟ್ರಿಕ್ಸ್ ಗುಣಾಕಾರದ ಲೂಪ್‌ಗಳನ್ನು ಕೈಯಾರೆ ಅಸೆಂಬ್ಲಿಯಲ್ಲಿ ಬರೆದು, ದೊಡ್ಡ ದೊಡ್ಡ ಕಂಪನಿಗಳ ಲೈಬ್ರರಿಗಳನ್ನು ಹಿಂದೆ ಹಾಕಿದರು. ಟೆಕ್ಸಸ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಅವರ ಗೊಟೊಬ್ಲಾಸ್ ಲೈಬ್ರರಿಯ ವಂಶದ ಓಪನ್‌ಬ್ಲಾಸ್ ಇವತ್ತು ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗಳಲ್ಲೂ ಇದೆ. 2008ರಲ್ಲಿ ಅವರು ರಾಬರ್ಟ್ ವ್ಯಾನ್ ಡಿ ಗೇನ್ ಜೊತೆ ಬರೆದ ಪ್ರಬಂಧವನ್ನು ನಿಧಾನವಾಗಿ ಓದು. ಅದರ ಪ್ರತಿಭೆ ಬರೀ ಸೂಚನೆಗಳ ಜೋಡಣೆಯಲ್ಲಿಲ್ಲ. ಮ್ಯಾಟ್ರಿಕ್ಸ್‌ನ ಯಾವ ತುಂಡು ಯಾವ ಹಂತದ ಕ್ಯಾಶ್‌ನಲ್ಲಿ ಕೂತಿರಬೇಕು, ಟಿಎಲ್‌ಬಿಗೆ ಎಷ್ಟು ಪುಟ ಹಿಡಿಸುತ್ತದೆ ಎಂದು ಲೆಕ್ಕ ಹಾಕಿ ತುಂಡಿನ ಅಳತೆಯನ್ನು ಕತ್ತರಿಸಿದ್ದಾರೆ. ಪುಟಗಳ ಮೇಲೆ ಪೂರ್ತಿ ಹಿಡಿತವಿರುವ ಕರ್ನಲ್ ನಿನ್ನ ಕೈಯಲ್ಲಿರುವಾಗ ಈ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ಯಬಹುದು. ನನಗೆ ನಿನ್ನ ಕೆಲಸದಲ್ಲಿ ಅತಿ ಹೆಚ್ಚು ಆಸೆ ಇರುವುದು ಇಲ್ಲಿಯೇ.

ಹೊರಜಗತ್ತಿನ ಜೊತೆ ವ್ಯವಹಾರಕ್ಕೆ ಏನು ಮಾಡುವುದು? ಲಿನಕ್ಸನ್ನೇ ಜೊತೆಗಿಟ್ಟುಕೋ. ಜಪಾನಿನ ರಿಕೆನ್ ಸಂಶೋಧನಾ ಸಂಸ್ಥೆಯವರ ಮೆಕ್‌ಕರ್ನಲ್ ಹಾಗೆಯೇ ನಡೆಯುತ್ತದೆ: ಒಂದೇ ಯಂತ್ರದ ಕೆಲವು ಕೋರುಗಳಲ್ಲಿ ಲಿನಕ್ಸ್, ಉಳಿದವುಗಳಲ್ಲಿ ಹಗುರ ಕರ್ನಲ್. ಅವರ ಫುಗಾಕು ಯಂತ್ರದ ಎ64ಎಫ್‌ಎಕ್ಸ್ ಚಿಪ್‌ನಲ್ಲಿ ಲೆಕ್ಕಕ್ಕೆ 48 ಕೋರು, ಅದರ ಮೇಲೆ ಆಪರೇಟಿಂಗ್ ಸಿಸ್ಟಂನ ಚಾಕರಿಗೆಂದೇ ಎರಡು ಅಥವಾ ನಾಲ್ಕು ಕೋರು ಬೇರೆ ಇಟ್ಟಿದ್ದಾರೆ. ಲಾಸ್ ಅಲಾಮೋಸ್‌ನವರು ಕಂಡುಕೊಂಡ ಪಾಠ ಈಗ ಸಿಲಿಕಾನ್‌ನಲ್ಲೇ ಅಚ್ಚಾಗಿದೆ. ನೀನೂ ಲಿನಕ್ಸ್ ಬೂಟ್ ಮಾಡುವಾಗ ಸ್ವಲ್ಪ ಮೆಮೊರಿಯನ್ನು ಅದರಿಂದ ಮರೆಮಾಡು, ಆಮೇಲೆ ಕೆಲವು ಕೋರುಗಳನ್ನು ಆಫ್‌ಲೈನ್ ಮಾಡಿ, ಒಂದು ಚಿಕ್ಕ ಮಾಡ್ಯೂಲ್‌ನಿಂದ ಅವನ್ನು ನಿನ್ನ ಕೋಡಿನೊಳಗೆ ಎಬ್ಬಿಸು. ಮರೆಮಾಡಿದ ಮೆಮೊರಿಯಲ್ಲೇ ಇಬ್ಬರಿಗೂ ಕಾಣುವ ಒಂದು ಕಟ್ಟೆ ಇರಲಿ. ಲೆಕ್ಕಕ್ಕೆ ಬೇಕಾದ ಅಂಕಿಗಳನ್ನು ಲಿನಕ್ಸ್ ಅಲ್ಲಿ ತಂದಿಡುತ್ತದೆ, ಉತ್ತರವನ್ನು ಅಲ್ಲಿಂದಲೇ ಎತ್ತಿಕೊಂಡು ಡಿಸ್ಕಿಗೆ ಬರೆಯುತ್ತದೆ. ಡ್ರೈವರ್‌ಗಳ ಬೆಟ್ಟವನ್ನು ಹತ್ತುವ ಪ್ರಮೇಯವೇ ಇಲ್ಲ.

ಇನ್ನೊಂದು ಮಾತನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ನಿನ್ನ ಕರ್ನಲ್‌ನಲ್ಲಿ ರಕ್ಷಣೆಯ ಗೋಡೆಗಳಿರುವುದಿಲ್ಲ. ಒಂದು ತಪ್ಪು ವಿಳಾಸಕ್ಕೆ ಬರೆದರೆ ತಡೆಯುವವರು ಯಾರೂ ಇಲ್ಲ, ಪ್ರೋಗ್ರಾಂ ಸಾಯದೆ ಮುಂದುವರಿದು ತಪ್ಪು ಉತ್ತರವನ್ನು ಕೊಟ್ಟುಬಿಡುತ್ತದೆ. ಭಾರೀ ಲೆಕ್ಕದಲ್ಲಿ ತಡವಾದ ಉತ್ತರವನ್ನು ಸಹಿಸಬಹುದು, ತಪ್ಪಿದ ಉತ್ತರವನ್ನು ಸಹಿಸಲಾಗದು. ಅದರ ಮೇಲೆ ನಾಳೆ ಯಾರೋ ಸೇತುವೆ ಕಟ್ಟಬಹುದು, ಔಷಧಿ ತಯಾರಿಸಬಹುದು. ಹಾಗಾಗಿ ಮೆಮೊರಿಯ ದೋಷವನ್ನು ಪ್ರೊಸೆಸರ್ ಸಾರಿ ಹೇಳುವ ಮೆಷಿನ್ ಚೆಕ್‌ಗೆ ಮೊದಲ ದಿನವೇ ಹ್ಯಾಂಡ್ಲರ್ ಬರಿ. ದಶಾಂಶ ಸಂಖ್ಯೆಗಳನ್ನು ಹೇಗೆ ದುಂಡಾಗಿಸಬೇಕೆಂದು ನಿರ್ಧರಿಸುವ ಎಂಎಕ್ಸ್‌ಸಿಎಸ್‌ಆರ್ ರಿಜಿಸ್ಟರನ್ನು ಪ್ರತಿ ಕೋರಿನಲ್ಲೂ ನೀನೇ ಬರೆ, ಇದ್ದದ್ದನ್ನು ನಂಬಬೇಡ. ಅದೇ ಲೆಕ್ಕವನ್ನು ಅದೇ ಕ್ರಮದಲ್ಲಿ ಲಿನಕ್ಸ್ ಮೇಲೆ ಓಡಿಸಿ, ಎರಡು ಉತ್ತರಗಳನ್ನೂ ಬಿಟ್ ಬಿಟ್ಟಾಗಿ ಹೋಲಿಸು. ಒಂದು ಬಿಟ್ ವ್ಯತ್ಯಾಸ ಬಂದರೂ ಕಾರಣ ಸಿಗುವ ತನಕ ವೇಗದ ಮಾತೆತ್ತಬೇಡ. ಮತ್ತು ಇಂಥ ಯಂತ್ರವನ್ನು ತೆರೆದ ನೆಟ್‌ವರ್ಕ್‌ಗೆ ಎಂದೂ ಸಿಕ್ಕಿಸಬೇಡ.

ಹೊಸ ಯಂತ್ರ ಕೊಳ್ಳುವ ಅಗತ್ಯವಿಲ್ಲ. ಎವಿಎಕ್ಸ್2 ಇರುವ, ನಾಲ್ಕಾರು ಕೋರಿನ ಹಳೆಯ ಡೆಸ್ಕ್‌ಟಾಪ್ ಸಾಕು. ಆದರೆ ಬೋರ್ಡಿನಲ್ಲಿ ಸೀರಿಯಲ್ ಪೋರ್ಟ್ ಇರಲೇಬೇಕು, ಪರದೆ ಕೈಕೊಟ್ಟಾಗ ಕರ್ನಲ್ ಮಾತಾಡುವುದು ಅದರಿಂದಲೇ. ಮೆಮೊರಿಯಲ್ಲಿ ದೋಷ ತಿದ್ದುವ ಇಸಿಸಿ ಇದ್ದರೆ ಇನ್ನೂ ಒಳ್ಳೆಯದು. ಅಸೆಂಬ್ಲರ್‌ಗೆ ನ್ಯಾಸ್ಮ್ ಆಗಲಿ ಫ್ಯಾಸ್ಮ್ ಆಗಲಿ, ಕೈಗೆ ಒಗ್ಗಿದ್ದು. ಇಂಟೆಲ್‌ನ ಕೈಪಿಡಿಯ ಮೂರನೆಯ ಸಂಪುಟ, ಸಿಸ್ಟಂ ಪ್ರೋಗ್ರಾಮಿಂಗ್‌ನದು, ಮೇಜಿನ ಮೇಲೆ ತೆರೆದೇ ಇರಲಿ. ಈ ವಾರ ಆ ಕೌಂಟರ್ ಲೂಪ್ ಬರೆದು, ಔಷಧಿ ಹಾಕುವ ಮುಂಚಿನದೊಂದು, ಆಮೇಲಿನದೊಂದು, ಎರಡೂ ಗ್ರಾಫ್ ನನಗೆ ಕಳಿಸು. ಎಸ್‌ಎಂಐ ಎಣಿಕೆಯನ್ನೂ ಪಕ್ಕದಲ್ಲಿ ಬರೆದಿರು. ನೋಡಿದ ಮೇಲೆ, ಯಾವ ಲೆಕ್ಕವನ್ನು ಹಿಡಿಯಬೇಕು ಎಂದು ಕೂತು ಮಾತಾಡೋಣ.